ಕನ್ನಡಕ ಮನೆಯಲ್ಲೇ ಉಳಿಯಿತು

ತಲೆಯ ತುಂಬ ಶಾಂಪೂ ನೊರೆ. ಕಣ್ಣು ಮುಚ್ಚಿಕೊಂಡೇ ಕೈಚಾಚಿ ನಲ್ಲಿ ತಿರುಗಿಸಿದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಹೋಳಿ ಮುಗಿದ ಮರುವಾರ, ಬೆಳಿಗ್ಗೆ ಒಂಬತ್ತೂವರೆ. ಸೂರತ್‌ನ ಅಡಾಜಣ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಬಚ್ಚಲಲ್ಲಿ, ಪ್ರತಿ ವಾರ ನಿಮಗೆಲ್ಲ ಬುದ್ಧಿ ಹೇಳುವ ಈ ಅಂಕಣಗಾರ್ತಿ ಒಂದು ಚೊಂಬು ನೀರಿಗೆ ಗತಿಯಿಲ್ಲದೆ ನಿಂತಿದ್ದಳು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ನೀರು ಕಣ್ಣು ತೊಳೆದುಕೊಳ್ಳುವುದಕ್ಕೆ ಸಾಕಾಯಿತು, ಅಷ್ಟೇ.

ತಲೆಗೆ ಟವೆಲ್ ಸುತ್ತಿ, ನೈಟಿಯ ಮೇಲೊಂದು ದುಪಟ್ಟಾ ಎಳೆದುಕೊಂಡು, ಅಭ್ಯಾಸಬಲದಿಂದ ಕನ್ನಡಕದ ಸರವನ್ನು ಕೊರಳಿಗೆ ಹಾಕಿಕೊಂಡು ಎದುರು ಮನೆಯ ಬೆಲ್ ಒತ್ತಿದೆ. ಅದು ಹಂಸಾಬೆನ್ ಮನೆ. ನಿವೃತ್ತ ಪ್ರೈಮರಿ ಸ್ಕೂಲ್ ಟೀಚರ್. ನಮ್ಮ ಸೊಸೈಟಿಯ (ಇಲ್ಲಿ ಅಪಾರ್ಟ್‌ಮೆಂಟಿಗೆ ಹಾಗನ್ನುತ್ತಾರೆ) ಗೇಟಿನ ಪಕ್ಕ ಒಂದು ಕಪ್ಪುಹಲಗೆ ಇದೆ. ದಿನಾ ಬೆಳಿಗ್ಗೆ ಅದರ ಮೇಲೆ ಗುಜರಾತಿಯಲ್ಲಿ ಒಂದು ಸುವಿಚಾರ, ಅದರ ಕೆಳಗೆ ಸೊಸೈಟಿಯ ಸೂಚನೆಗಳನ್ನು ಬರೆಯುವುದು ಇವರದೇ ಕೆಲಸ. (ಯಾರೂ ವಹಿಸಿದ್ದಲ್ಲ. ರಿಟೈರ್ ಆದ ಮಾರನೆಯ ದಿನದಿಂದ ತಾವೇ ಶುರು ಮಾಡಿದ್ದು.)

‘ಅರೇ ಸುಮಾಬೆನ್, ಆಜ್ ತೋ ಟಾಂಕಿ ಸಾಫ್ ಹೋ ರಹೀ ಹೈ’ ಅಂದರು. ಇವತ್ತು ನೀರಿನ ಟ್ಯಾಂಕ್ ತೊಳೆಯುತ್ತಾರಂತೆ. ಸಂಜೆ ನಾಲ್ಕರವರೆಗೆ ನೀರಿಲ್ಲವಂತೆ. ಮೂರು ದಿನದಿಂದ ಬೋರ್ಡಿನ ಮೇಲೆ ಬರೆದಿದ್ದಾರಂತೆ. ಇಡೀ ಸೊಸೈಟಿ ಬಕೆಟ್ಟು, ಟಬ್ಬು, ಕುಕ್ಕರ್ ಸಮೇತ ತುಂಬಿಟ್ಟುಕೊಂಡು ಕೂತಿದೆ.

‘ನೀವೂ ನಿನ್ನೆ ಬೋರ್ಡ್ ಮುಂದೆ ನಿಂತು ಓದಿದಿರಲ್ಲ? ತಲೆ ಕೂಡ ಆಡಿಸಿದಿರಿ’ ಎಂದು ಹಿಂದಿಯಲ್ಲಿ ಕೇಳಿದರು.

ನಿಂತಿದ್ದು ನಿಜ. ತಲೆ ಆಡಿಸಿದ್ದೂ ನಿಜ. ಹನ್ನೊಂದು ವರ್ಷದಿಂದ ಆಡಿಸುತ್ತಲೇ ಇದ್ದೇನೆ.

‘ಕನ್ನಡಕ ಮನೆಯಲ್ಲೇ ಉಳಿದಿತ್ತು ಹಂಸಾಬೆನ್. ಅಕ್ಷರ ಕಾಣಲಿಲ್ಲ’ ಅಂದೆ.

ಅವರು ಇನ್ನೇನೂ ಕೇಳದೆ ಎರಡು ಬಕೆಟ್ ನೀರು ಕೊಟ್ಟರು. ಹಿಂದೆ ತಿರುಗಿದರೆ ನಮ್ಮ ಮನೆಯ ಬಾಗಿಲಲ್ಲಿ ನನ್ನ ಮಗಳು ಇಂಚರ ನಿಂತಿದ್ದಾಳೆ. ಒಂಬತ್ತೂವರೆ ವರ್ಷ. ಅವಳು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕೊರಳನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕನ್ನಡಕ ಮುಟ್ಟಿ ನೋಡಿಕೊಂಡೆ. ಅವಳು ಬಂದು ಒಂದು ಬಕೆಟ್ಟಿನ ಹಿಡಿಯನ್ನು ಒಂದು ಕಡೆ ಹಿಡಿದುಕೊಂಡಳು.

ಇಷ್ಟು ವರ್ಷ ನಿಮ್ಮಿಂದಲೂ ಮುಚ್ಚಿಟ್ಟಿದ್ದ ವಿಷಯ ಇದು. ನನಗೆ ಗುಜರಾತಿ ಓದಲು ಬರುವುದಿಲ್ಲ.

ಮಾತು ತಕ್ಕಮಟ್ಟಿಗೆ ಬರುತ್ತದೆ. ತರಕಾರಿಯವನ ಜೊತೆ ಜಗಳ ಆಡುವಷ್ಟು, ಬೇರೆಯವರ ಜಗಳ ನಿಂತು ಕೇಳುವಷ್ಟು. ಆದರೆ ಅಕ್ಷರ ಕಲಿಯಲೇ ಇಲ್ಲ. ತುಮಕೂರಿನಿಂದ ಇಲ್ಲಿಗೆ ಬಂದ ಹೊಸದರಲ್ಲಿ ‘ಎರಡೇ ವರ್ಷ ತಾನೇ, ಆಮೇಲೆ ಟ್ರಾನ್ಸ್‌ಫರ್’ ಎಂದುಕೊಂಡೆ. ನನ್ನ ಗಂಡ ಗಿರೀಶ ಕೆಲಸ ಮಾಡುವುದು ಸಮುದ್ರದ ಕಡೆಯ ಒಂದು ಸರ್ಕಾರಿ ಪ್ಲಾಂಟಿನಲ್ಲಿ. ಟ್ರಾನ್ಸ್‌ಫರ್ ಬರಲಿಲ್ಲ. ನಾಲ್ಕು ವರ್ಷ ಆದಮೇಲೆ ‘ನನಗೆ ಓದಲು ಬರುವುದಿಲ್ಲ’ ಎಂದು ಹೇಳಲು ನಾಚಿಕೆಯಾಯಿತು. ಎಂಟು ವರ್ಷದ ಹೊತ್ತಿಗೆ ನಾಚಿಕೆಯೂ ಹೋಗಿ ಅಭ್ಯಾಸ ಮಾತ್ರ ಉಳಿಯಿತು.

ಬಸ್ಸಿನಲ್ಲಿ ಸ್ಟಾಪ್ ಎಣಿಸುತ್ತೇನೆ. ಯಾರಾದರೂ ಮದುವೆ ಕಾಗದ ಕೊಟ್ಟರೆ ತೆರೆದು, ಗಣಪತಿಯ ಚಿತ್ರ ನೋಡಿ, ‘ಬಹುತ್ ಸುಂದರ್’ ಎಂದು ಹೇಳಿ, ಆಮೇಲೆ ಮೆಲ್ಲಗೆ ‘ಮುಹೂರ್ತ ಎಷ್ಟು ಗಂಟೆಗೆ?’ ಎಂದು ಬಾಯಲ್ಲೇ ಕೇಳುತ್ತೇನೆ. ಸೊಸೈಟಿಯ ಸರ್ಕ್ಯುಲರ್ ಬಂದರೆ ಉಳಿದವರು ಎಲ್ಲಿ ಸಹಿ ಹಾಕಿದ್ದಾರೋ ಅದರ ಕೆಳಗೆ ಹಾಕುತ್ತೇನೆ. ಒಮ್ಮೆ ಹಾಗೆ ಹಾಕಿದ ಸಹಿ, ನವರಾತ್ರಿಯ ಆರನೆಯ ದಿನದ ಪ್ರಸಾದ ನನ್ನದೇ ಎಂಬ ಒಪ್ಪಿಗೆಯಾಗಿತ್ತು. ಪ್ರಸಾದಕ್ಕೆ ಒಂದು ಗಂಟೆ ಮೊದಲು ಗೊತ್ತಾಯಿತು. ಇಡೀ ಸೊಸೈಟಿಗೆ ಅವಲಕ್ಕಿ ಒಗ್ಗರಣೆ ಕೊಟ್ಟು, ‘ಇದು ನಮ್ಮ ಕರ್ನಾಟಕದ ಸಂಪ್ರದಾಯ’ ಎಂದು ಹೇಳಿ ಪಾರಾದೆ. (ಯಾವ ಸಂಪ್ರದಾಯವೋ ಆ ತಾಯಿಗೇ ಗೊತ್ತು.)

ಇಷ್ಟೆಲ್ಲ ಮಾಡಿದವಳು ಮನೆಯಲ್ಲಿ ಏನು ಮಾಡುತ್ತೇನೆ ಗೊತ್ತೇ? ಓದಲು ಬಾರದ ಮಗಳಿಗೆ ಓದು ಕಲಿಸುತ್ತೇನೆ.

ಇಂಚರ ಮೂರನೇ ಕ್ಲಾಸಿನಲ್ಲಿದ್ದಾಗ ಅವಳನ್ನು ಸ್ಕೂಲಿನಿಂದ ಬಿಡಿಸಿದೆವು. ಬಿಡಿಸಿದೆವು ಅನ್ನುವುದಕ್ಕಿಂತ, ಅವಳು ಆಗಲೇ ಬಿಟ್ಟಾಗಿತ್ತು. ಎದ್ದು ನಿಂತು ಓದುವ ಸರದಿ ಬಂದರೆ ಹೊಟ್ಟೆನೋವು. ಇಂಗ್ಲಿಷಿಗೆ ಸೋಮವಾರ, ಹಿಂದಿಗೆ ಮಂಗಳವಾರ, ಗುಜರಾತಿಗೆ ಗುರುವಾರ. ಭಾಷಾವಾರು ಹೊಟ್ಟೆನೋವು. ಸ್ಕೂಲಿನ ಸಿಕ್ ರೂಮಿನ ಆಯಾ ಅವಳಿಗೆ ಅಂತಲೇ ಒಂದು ದಿಂಬು ತೆಗೆದಿಟ್ಟಿದ್ದರು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಕೊನೆಗೆ ಪರೀಕ್ಷೆ ಮಾಡಿದ ಒಬ್ಬ ತಜ್ಞೆ ಡಿಸ್ಲೆಕ್ಸಿಯಾ ಅಂದರು. ಬುದ್ಧಿಗೆ ಏನೂ ಕಡಿಮೆಯಿಲ್ಲ, ಅಕ್ಷರ ಮತ್ತು ಸದ್ದು ಅವಳಲ್ಲಿ ಬೇಗ ಜೋಡಿಯಾಗುವುದಿಲ್ಲ, ನಿಧಾನ ಹೇಳಿಕೊಡಬೇಕು ಅಂದರು. ಸ್ಕೂಲಿನವರು ನಿಧಾನಕ್ಕೆ ನಮ್ಮಲ್ಲಿ ಟೀಚರ್ ಇಲ್ಲ ಅಂದರು. ಅಲ್ಲಿಗೆ ನಮ್ಮ ಡೈನಿಂಗ್ ಟೇಬಲ್ಲೇ ಸ್ಕೂಲಾಯಿತು.

ಸಲಹೆಗಳಿಗೆ ಬರಗಾಲವೇ? ನೆನೆಸಿದ ಬಾದಾಮಿ ಕೊಡಿ ಅಂದರು. ಒಂದೆಲಗದ ಚಟ್ನಿ ಕೊಡಿ ಅಂದರು. (ಸೂರತ್‌ನಲ್ಲಿ ಒಂದೆಲಗ ಎಲ್ಲಿಂದ ತರಲಿ?) ನಮ್ಮ ಕನ್ನಡ ಸಂಘದ ಹಿರಿಯರೊಬ್ಬರು ‘ಮನೇಲಿ ಕನ್ನಡ ಮಾತಾಡೋದು ನಿಲ್ಲಿಸಿಬಿಡಿ ಮೇಡಂ, ಮಗು ತಲೆ ಹಗುರ ಆಗತ್ತೆ’ ಅಂದರು. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಕೂತು ಈ ಮಾತು ಹೇಳಿದರು. ಎಲೆ ಮುಂದೆ ಕೂತವರ ಜೊತೆ ಜಗಳ ಆಡಬಾರದು ಎಂದು ಸುಮ್ಮನಿದ್ದೆ.

ಗಿರೀಶ ಗದಗಿನವರು. ಅವರ ಸಲಹೆ ಒಂದೇ. ‘ನೀ ಭಾಳ ಹಚಿಗೋತಿ. ಆಕಿ ಪಾಡಿಗೆ ಆಕೀನ್ನ ಬಿಡು. ಟೈಮ್ ಬಂದಾಗ ಓದ್ತಾಳ.’ ಹೇಳಿ ಶಿಫ್ಟ್ ಬಸ್ ಹತ್ತುತ್ತಾರೆ. ಬಸ್ ಹತ್ತುವವರಿಗೆ ಹಾಗೆ ಹೇಳುವುದು ಸುಲಭ. ಮನೆಯಲ್ಲಿ ಉಳಿಯುವವರಿಗೆ ಟೈಮ್ ಅನ್ನುವುದು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಒಂದಕ್ಕೂ ಮುಗಿಯುವುದಿಲ್ಲ.

ಸ್ಟೀಲ್ ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತೇನೆ. ಅಕ್ಷರದ ಸದ್ದು ಹೇಳಿಸುತ್ತೇನೆ. ಆಮೇಲೆ ಎರಡು, ಮೂರು ಅಕ್ಷರ ಕೂಡಿಸುತ್ತೇನೆ. ಬುಧವಾರ ಒಬ್ಬ ಟೀಚರ್ ಬಂದು ಮುಂದಿನ ವಾರದ ಪಾಠ ಹೇಳಿಕೊಟ್ಟು ಹೋಗುತ್ತಾರೆ. ಅವರದು ಒಂದೇ ನಿಯಮ. ಮಗು ಊಹೆ ಮಾಡಬಾರದು, ಓದಬೇಕು. ಮೊದಲ ಅಕ್ಷರ ನೋಡಿ ಚಿತ್ರ ನೋಡಿ ಒಂದು ಪದ ಹೇಳಿಬಿಡುವುದು ಇಂಥ ಮಕ್ಕಳ ಅಭ್ಯಾಸವಂತೆ. ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ: ‘ಊಹೆ ಮಾಡಬೇಡ ಇಂಚು, ಓದು.’ ಹದಿನೈದನೆಯ ಸಲದ ಹೊತ್ತಿಗೆ ನನ್ನ ದನಿ ಏರಿರುತ್ತದೆ. ಅವಳ ರಬ್ಬರ್ ಕೆಳಗೆ ಬೀಳುತ್ತದೆ. ರಬ್ಬರ್ ಹುಡುಕಲು ಟೇಬಲ್ ಕೆಳಗೆ ಹೋದ ಮಗು ಬಹಳ ಹೊತ್ತು ಮೇಲೆ ಬರುವುದಿಲ್ಲ. ನಾನು ಬಗ್ಗಿ ನೋಡಿದರೆ ಮಂಡಿ ತಬ್ಬಿಕೊಂಡು ಕೂತಿರುತ್ತಾಳೆ, ರಬ್ಬರ್ ಕೈಯಲ್ಲೇ ಇರುತ್ತದೆ.

ಒಂದೂವರೆ ವರ್ಷದಲ್ಲಿ ಏನೂ ಆಗಿಲ್ಲ ಎಂದಲ್ಲ. ಈಗ ಚಿಕ್ಕ ಚಿಕ್ಕ ವಾಕ್ಯ ಓದುತ್ತಾಳೆ. ನನ್ನ ಮುಂದೆ, ಬುಧವಾರದ ಟೀಚರ್ ಮುಂದೆ. ಮೂರನೆಯವರು ಬಂದರೆ ಇಲ್ಲ. ಜನವರಿಯಲ್ಲಿ ಒಂದು ಸ್ಕೂಲಿಗೆ ಕರೆದುಕೊಂಡು ಹೋಗಿದ್ದೆವು. ಓದಿಸಲು ಪುಸ್ತಕ ತೆಗೆದ ಕೂಡಲೇ ಹೊಟ್ಟೆನೋವು ಎಂದು ಬಾತ್‌ರೂಮಿಗೆ ಓಡಿದವಳು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಅವರು ‘ಮುಂದಿನ ವರ್ಷ ನೋಡೋಣ’ ಅಂದರು.

ಸ್ಕೂಲಿಗೆ ಹೋಗುವ ಆಸೆ ಮಾತ್ರ ನನ್ನದಲ್ಲ, ಅವಳದೇ. ಅವಳಿಗೆ ಗೆಳತಿಯರು ಬೇಕು. ಟಿಫಿನ್ ಬಾಕ್ಸ್ ಬದಲಾಯಿಸಿಕೊಂಡು ತಿನ್ನಬೇಕು. ದಿನವಿಡೀ ಅಮ್ಮನ ಮುಖ ನೋಡಿ ನೋಡಿ ಸಾಕಾಗಿದೆ. (ನನಗೂ ಕೆಲವು ದಿನ ಹಾಗೇ ಅನಿಸುತ್ತದೆ. ಒಳ್ಳೆಯ ತಾಯಂದಿರು ಕ್ಷಮಿಸಬೇಕು.) ನದಿಯ ಆಚೆ ಒಂದು ಸಣ್ಣ ಸ್ಕೂಲಿದೆ. ಇಂಥ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಬನ್ನಿ, ಮಗು ಎಷ್ಟು ಓದುತ್ತದೆ ಎಂದು ಮುಖ್ಯವಲ್ಲ, ಆದರೆ ಟೀಚರ್ ಮುಂದೆ ಕೂತು ಒಂದಿಷ್ಟಾದರೂ ಓದಬೇಕು, ಓದಿದರೆ ತಾನೇ ಎಲ್ಲಿಂದ ಶುರು ಮಾಡಬೇಕೆಂದು ನಮಗೆ ತಿಳಿಯುವುದು ಅಂದಿದ್ದರು. ಕೂರುತ್ತಾಳೋ, ಬಾತ್‌ರೂಮಿಗೆ ಓಡುತ್ತಾಳೋ? ನಮ್ಮ ಮನೆಯಲ್ಲಿ ಎರಡು ತಿಂಗಳಿನಿಂದ ಇದ್ದದ್ದು ಇದೊಂದೇ ಪ್ರಶ್ನೆ.

ಈಗ ಟ್ಯಾಂಕ್ ತೊಳೆದ ದಿನಕ್ಕೆ ವಾಪಸ್ ಬರುತ್ತೇನೆ. ಮಧ್ಯಾಹ್ನ ಊಟಕ್ಕೆ ಕೂತಾಗ ಇಂಚರ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು.

‘ಅಮ್ಮ, ಹಂಸಾದಾದಿಗೆ ನೀನು ಯಾಕೆ ಝೂಟ್ ಹೇಳಿದೆ?’

‘ಏನು ಸುಳ್ಳು ಹೇಳಿದೆ?’

‘ಚಶ್ಮಾ ಇರ್ಲಿಲ್ಲ ಅಂತ. ನಿನ್ನೆ ಭೀ ಇತ್ತು. ರೋಜ್ ಇರತ್ತೆ.’ ಒಂದು ತುತ್ತು ತಿಂದು ಮತ್ತೆ ಹೇಳಿದಳು. ‘ನಿಂಗೆ ಓದೋಕೆ ಬರಲ್ಲ. ನಂಗೆ ಗೊತ್ತು. ನಂಗೆ ಹೊಟ್ಟೇಲಿ ದರ್ದ್ ಆಗತ್ತಲ್ಲ, ನಿಂಗೆ ಚಶ್ಮಾ.’

ಅಪವಾದ ಹೊರಿಸುವ ದನಿಯಲ್ಲ. ಉಪ್ಪಿನಕಾಯಿ ಕೊಡು ಎನ್ನುವ ದನಿ. ನನಗೆ ಮೊದಲು ಬಂದದ್ದು ಸಿಟ್ಟು. ‘ಅದು ಬೇರೆ, ಇದು ಬೇರೆ’ ಅಂದೆ. ‘ಹೇಗೆ ಬೇರೆ?’ ಅಂದಳು. ಅವಳು ಬೇಡ ಬೇಡ ಎಂದರೂ ಇನ್ನೊಂದು ಸೌಟು ಸಾರು ಬಡಿಸಿದೆ.

ಆ ಮಧ್ಯಾಹ್ನ ಪೂರ್ತಿ ನಾಚಿಕೆಯಾಯಿತು. ಹೇಳುವುದು ಆಚಾರ, ಮಾಡುವುದು ಅನಾಚಾರ. ಓದಲು ಬಾರದ್ದನ್ನು ಮುಚ್ಚಿಡಬೇಡ ಎಂದು ದಿನಾ ಮಗಳಿಗೆ ಪಾಠ ಹೇಳುವವಳು ನಾನು. ಮುಚ್ಚಿಡುವುದು ಹೇಗೆ ಎಂದು ಅವಳು ಕಲಿತದ್ದಾದರೂ ಯಾರಿಂದ?

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಇಂಚರಳನ್ನು ಕರೆದುಕೊಂಡು ಗೇಟಿನ ಹತ್ತಿರ ಹೋದೆ. ಹಂಸಾಬೆನ್ ಒದ್ದೆ ಬಟ್ಟೆಯಿಂದ ಹಲಗೆ ಒರೆಸುತ್ತಿದ್ದರು. ನೆಲಮಹಡಿಯ ಕಾಂತಾಬೆನ್ ಎಂದಿನಂತೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ಎಪ್ಪತ್ತು ದಾಟಿದ ಅಜ್ಜಿ, ಸೊಸೈಟಿಯ ಭಜನೆಗಳಲ್ಲಿ ಮುಂದಿನ ಸಾಲಿನ ಗಾಯಕಿ.

ನಾನು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ ವಾಕ್ಯ ಒಪ್ಪಿಸಿದೆ. ‘ಹಂಸಾಬೆನ್, ಮುಝೆ ಗುಜರಾತಿ ಪಢನಾ ನಹೀ ಆತಾ. ಕಲ್ ಮೈನೇ ಝೂಟ್ ಬೋಲಾ.’ ನನಗೆ ಗುಜರಾತಿ ಓದಲು ಬರುವುದಿಲ್ಲ, ನಿನ್ನೆ ಸುಳ್ಳು ಹೇಳಿದೆ. ಇಷ್ಟು ಚಿಕ್ಕ ವಾಕ್ಯಕ್ಕೆ ನನ್ನ ಕಿವಿ ಬಿಸಿಯಾಗಿತ್ತು.

ಹಂಸಾಬೆನ್ ಬಟ್ಟೆ ಹಿಂಡುತ್ತಾ ‘ನನಗೆ ಗೊತ್ತಿತ್ತು’ ಅಂದರು. ‘ಈ ಬೋರ್ಡ್ ಓದಿದವರು ಯಾರೂ ತಲೆ ಆಡಿಸಿ ಹೋಗುವುದಿಲ್ಲ ಸುಮಾಬೆನ್. ಒಂದೋ ತಪ್ಪು ಹುಡುಕುತ್ತಾರೆ, ಇಲ್ಲವೇ ನಗುತ್ತಾರೆ. ಹನ್ನೊಂದು ವರ್ಷದಲ್ಲಿ ತಲೆ ಆಡಿಸಿದವರು ಇಬ್ಬರೇ.’

ಇನ್ನೊಬ್ಬರು ಯಾರು ಎಂದು ನಾನು ಕೇಳಬೇಕಾಗಲಿಲ್ಲ. ಕಾಂತಾಬೆನ್ ಹಾಲಿನ ಪಾತ್ರೆಯನ್ನು ಕಂಕುಳಿಗೆ ಏರಿಸಿಕೊಂಡು ‘ಮನೆ ಪಣ್ ನಥೀ ಆವಡತುಂ’ ಅಂದರು. ನನಗೂ ಬರುವುದಿಲ್ಲ. ಅಪ್ಪಟ ಗುಜರಾತಿ ಅಜ್ಜಿ, ಸ್ಕೂಲಿನ ಮೆಟ್ಟಿಲು ಹತ್ತಿಲ್ಲ. ಭಜನೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು, ಸರಿಯಾದ ಜಾಗದಲ್ಲಿ ಹಾಳೆ ತಿರುವುತ್ತಾ ಹಾಡುತ್ತಾರೆ. ಎಲ್ಲ ಬಾಯಿಪಾಠವಂತೆ. ಹಾಳೆ ತಿರುವುವುದು ಪಕ್ಕದವರನ್ನು ನೋಡಿಕೊಂಡು.

ಇಂಚರ ಅವರನ್ನೇ ನೋಡುತ್ತಿದ್ದಳು. ಮೆಟ್ಟಿಲು ಹತ್ತುವಾಗ ‘ಕಾಂತಾದಾದಿ ಭೀ?’ ಎಂದು ಒಮ್ಮೆ, ಎರಡನೇ ಮಹಡಿಯಲ್ಲಿ ‘ಇಷ್ಟು ದೊಡ್ಡವರು ಭೀ?’ ಎಂದು ಇನ್ನೊಮ್ಮೆ ಕೇಳಿದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ನಿಲ್ಲಿಸಲಿಲ್ಲ. ನನಗೊಂದು ಐಡಿಯಾ ಹೊಳೆಯಿತು. ತಾಯಿ ಮಗಳು ಇಬ್ಬರೂ ಹಂಸಾಬೆನ್ ಹತ್ತಿರ ಗುಜರಾತಿ ಕಲಿಯುವುದು. ಅವಳಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ, ಇಬ್ಬರೂ ಒಂದೇ ದೋಣಿ. ಅಮ್ಮನೂ ತಡವರಿಸುವುದನ್ನು ನೋಡಿದರೆ ಮಗಳಿಗೆ ಧೈರ್ಯ ಬರುತ್ತದೆ. ಎಷ್ಟು ಚಂದದ ಕಥೆ! (ನಿಮ್ಮ ಹತ್ತಿರ ಮುಚ್ಚಿಡುವುದೇನು, ಈ ಅಂಕಣಕ್ಕೆ ವಿಷಯ ಸಿಕ್ಕಿತು ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಕೊನೆಯ ಪ್ಯಾರಾ ಕೂಡ ಮನಸ್ಸಿನಲ್ಲೇ ಬರೆದಾಗಿತ್ತು.)

ದಿನಾ ಬೆಳಿಗ್ಗೆ ಬೋರ್ಡಿನ ಮುಂದೆ ಅರ್ಧ ಗಂಟೆ ಕ್ಲಾಸು. ಮೊದಲ ದಿನ ಇಬ್ಬರೂ ತಡವರಿಸಿದೆವು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ನನಗೆ ಗುಟ್ಟು ಗೊತ್ತಾಯಿತು. ಹಿಂದಿ ಅಕ್ಷರಗಳ ತಲೆಯ ಮೇಲಿನ ಗೆರೆ ಅಳಿಸಿದರೆ ಮುಕ್ಕಾಲು ಪಾಲು ಗುಜರಾತಿ. ಉಳಿದ ಕಾಲು ಪಾಲಿಗೆ ಒಂದು ವಾರ ಸಾಕಾಯಿತು. ಹನ್ನೊಂದು ವರ್ಷ ಹೆದರಿಕೊಂಡಿದ್ದು ಇದಕ್ಕಾ?

ಹತ್ತನೆಯ ದಿನ ನಾನು ಆಟೋದಲ್ಲಿ ಕೂತು ದಾರಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದಿಕೊಂಡು ಬಂದೆ. ಇದು ಫರ್ಸಾಣ್, ಅಂದರೆ ಕುರುಕಲು ತಿಂಡಿಯ ಅಂಗಡಿ. ಇದು ದರ್ಜಿ. ಇಲ್ಲಿ ಗಾಡಿ ನಿಲ್ಲಿಸಬಾರದು. ಹನ್ನೊಂದು ವರ್ಷ ನಾನು ಬ್ಯೂಟಿ ಪಾರ್ಲರ್ ಎಂದುಕೊಂಡಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್. ಕುಣಿಯುವುದೊಂದು ಬಾಕಿ. ಇಂಚರ ಆಟೋದ ಆಚೆ ಬದಿಗೆ ಮುಖ ಮಾಡಿ ಕೂತಿದ್ದಳು.

ಮಾರನೆಯ ಬೆಳಿಗ್ಗೆ ನಾನು ಸುವಿಚಾರವನ್ನು ಒಂದೇ ಉಸಿರಿಗೆ ಓದಿದೆ. ಅವಳು ಮೂರನೆಯ ಅಕ್ಷರದಲ್ಲಿ ನಿಂತಿದ್ದಳು. ಚಾಕ್‌ಪೀಸನ್ನು ಹಲಗೆಯ ಅಂಚಿನ ಮೇಲಿಟ್ಟು ಹೇಳಿದಳು.

‘ನಾನು ಕಲಿಯಲ್ಲ. ನೀನು ಕಲಿತಾ ಇಲ್ಲ ಅಮ್ಮ. ನಿಂಗೆ ಓದೋದು ಮೊದಲೇ ಬರತ್ತೆ. ಸಿರ್ಫ್ ಅಕ್ಷರ ಬೇರೆ ಇತ್ತು. ನಂಗೆ ಹಾಗಲ್ಲ.’ ಬೋರ್ಡಿನ ಕಡೆ ಕೈ ತೋರಿಸಿ, ‘ನಿಂಗೆ ಗುಜರಾತಿ ಮೊದಲು ಹೇಗೆ ಕಾಣ್ತಿತ್ತು, ನಂಗೆ ಎಲ್ಲಾನೂ ಹಾಗೇ ಕಾಣತ್ತೆ. ಕನ್ನಡ ಭೀ, ಇಂಗ್ಲಿಷ್ ಭೀ. ರೋಜ್.’

ನನ್ನ ಚಂದದ ಕಥೆ ಅಲ್ಲೇ ಬಿದ್ದುಹೋಯಿತು. ದೋಣಿ ಒಂದೇ ಎಂದು ಹತ್ತಿಸಿದ್ದು ನಾನು. ದಡ ಸೇರಿ ಅವಳ ಕಡೆ ಕೈಬೀಸಿ ಕುಣಿದದ್ದೂ ನಾನು. ಒಂದೂವರೆ ವರ್ಷದಿಂದ ದಿನಾ ಮೂರು ಗಂಟೆ ಅವಳ ಎದುರು ಕೂತಿದ್ದೇನೆ. ಅವಳಿಗೆ ಹೇಗೆ ಕಾಣುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಅಳು ಬಂತು. ಗೇಟಿನ ಹತ್ತಿರ ನಿಂತು ಅತ್ತರೆ ಸೊಸೈಟಿಗೆಲ್ಲ ಸುದ್ದಿ ಎಂದು ಮನೆಗೆ ಬಂದು ಅತ್ತೆ.

ಬುಧವಾರದ ಟೀಚರ್ ಬೇರೆ ಸರಿಯಾಗಿ ಬೈದರು. ‘ಇರುವ ಲಿಪಿಗಳೇ ಮಗುವಿಗೆ ಭಾರ. ಅದರ ಮೇಲೆ ಇನ್ನೊಂದು ಹೇರಲು ನಿಮಗೆ ಹೇಳಿದ್ದು ಯಾರು?’ ಯಾರೂ ಹೇಳಿರಲಿಲ್ಲ ಎಂದು ಒಪ್ಪಿಕೊಂಡೆ. ಆ ಹೊತ್ತಿಗೆ ತಪ್ಪು ಒಪ್ಪಿಕೊಳ್ಳುವುದು ಸ್ವಲ್ಪ ಅಭ್ಯಾಸವಾಗಿತ್ತು.

ಗುಜರಾತಿ ಕ್ಲಾಸ್ ಅವಳಿಗೆ ನಿಂತಿತು. ಆದರೆ ಬೆಳಿಗ್ಗೆ ಏಳಕ್ಕೆ ಗೇಟಿಗೆ ಬರುವುದನ್ನು ಅವಳು ನಿಲ್ಲಿಸಲಿಲ್ಲ. ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಕಾಂತಾಬೆನ್ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಆ ಅಜ್ಜಿ ಈಗ ತಲೆ ಆಡಿಸುತ್ತಿರಲಿಲ್ಲ. ಹಾಲಿನ ಪಾತ್ರೆ ಕೆಳಗಿಟ್ಟು, ದಿನಾ ಬೆಳಿಗ್ಗೆ ಜೋರಾಗಿ ಹೇಳುತ್ತಿದ್ದರು: ‘ಹಂಸಾ, ನನಗೆ ಓದಲು ಬರುವುದಿಲ್ಲ, ಓದಿ ಹೇಳು.’ ಹಂಸಾಬೆನ್ ಓದುತ್ತಿದ್ದರು. ಅಜ್ಜಿ ಕೇಳಿ, ‘ಇದೇನು ಮಹಾ’ ಎಂದು ಮೂಗು ಮುರಿದು ಹಾಲು ತರಲು ಹೋಗುತ್ತಿದ್ದರು. ಆಕಾಶ ಕಳಚಿ ಬೀಳುತ್ತಿರಲಿಲ್ಲ. ಇಂಚರ ಇದನ್ನು ಹದಿನೈದು ಇಪ್ಪತ್ತು ದಿನ ನಿಂತು ನೋಡಿದಳು.

ಮನೆಯಲ್ಲಿ ನಾನೂ ಒಂದು ಬದಲಾವಣೆ ಮಾಡಿದೆ. ಅವಳು ಓದುವಾಗ ಬಾಯಿ ಮುಚ್ಚಿಕೊಂಡಿರುವುದು. ಬರೆದಷ್ಟು ಸುಲಭವಲ್ಲ ಅದು. ಒಂದು ಪದಕ್ಕೆ ಅವಳು ಅರ್ಧ ನಿಮಿಷ ತೆಗೆದುಕೊಂಡರೆ ನನ್ನ ನಾಲಿಗೆ ತುದಿಯಲ್ಲಿ ಆ ಪದ ಕುದಿಯುತ್ತಿರುತ್ತದೆ. ಟೇಬಲ್ಲಿನ ಮೇಲೆ ಅವರೆಕಾಯಿ ಸುರಿದುಕೊಂಡು ಸುಲಿಯಲು ಶುರು ಮಾಡಿದೆ. (ಇಲ್ಲಿ ಅದಕ್ಕೆ ಪಾಪಡಿ ಅನ್ನುತ್ತಾರೆ. ನಮ್ಮ ಸೊಗಡು ಅದಕ್ಕಿಲ್ಲ.) ಆ ತಿಂಗಳು ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅದೇ ಸಾರು. ರಬ್ಬರ್ ಬೀಳುವುದು ಕಡಿಮೆಯಾಯಿತು.

ಕಳೆದ ವಾರ ನದಿಯಾಚೆಯ ಸ್ಕೂಲಿಗೆ ಹೋದೆವು.

ಗಿರೀಶ ಅರ್ಧ ದಿನ ರಜೆ ಹಾಕಿ ಬಂದಿದ್ದರು. ದಾರಿಯುದ್ದಕ್ಕೂ ನನಗೆ ಧೈರ್ಯ ಹೇಳಿದರು. ‘ಅಲ್ಲಿ ಮಾತೆಲ್ಲಾ ನಂಗ ಬಿಡು. ನಂಗ ಗುಜರಾತಿ ನೀರು ಕುಡದಂಗ.’ ನಿಜ. ಪ್ಲಾಂಟಿನ ಕ್ಯಾಂಟೀನಿನಲ್ಲಿ ಕಲಿತ ಅವರ ಗುಜರಾತಿ ಕೇಳಿ ಅಡಾಜಣ್‌ನ ಅಂಗಡಿಯವರು ‘ನಿಮ್ಮ ಊರು ಇಲ್ಲೇ ಪಕ್ಕದ ನವಸಾರಿಯೇ?’ ಎಂದು ಕೇಳುತ್ತಾರೆ. ನನ್ನ ಗುಜರಾತಿ ಕ್ಲಾಸಿನ ಬಗ್ಗೆ ಅವರು ಮನಸಾರೆ ನಕ್ಕಿದ್ದರು.

ಒಬ್ಬ ಯುವ ಟೀಚರ್ ಇಂಚರಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡರು. ನಾವಿಬ್ಬರೂ ಕೋಣೆಯ ಹಿಂದಿನ ಬೆಂಚಿನಲ್ಲಿ. ಟೀಚರ್ ಒಂದು ಹಾಳೆ ಮುಂದಿಟ್ಟರು. ಆರು ಸಾಲು, ಇಂಗ್ಲಿಷ್. ಬೆಕ್ಕು, ಮೀನು ಏನೋ ಇತ್ತು.

ಇಂಚರಳ ಎಡಗೈ ಹೊಟ್ಟೆಯ ಮೇಲೆ ಹೋಯಿತು.

ನಾನು ಬಾಗಿಲ ಕಡೆ ನೋಡಿದೆ. ಬಾತ್‌ರೂಮ್ ಎಲ್ಲಿದೆ ಎಂದು ಬರುವಾಗಲೇ ನೋಡಿಟ್ಟುಕೊಂಡಿದ್ದೆ. ಗಿರೀಶ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಅಂಗೈ ಬೆವರಿತ್ತು. ಹಚ್ಚಿಕೊಳ್ಳಬೇಡ ಎನ್ನುವ ಮನುಷ್ಯ ಎಷ್ಟು ಹಚ್ಚಿಕೊಂಡಿದ್ದಾರೆ ಎಂದು ಆಗ ಗೊತ್ತಾಯಿತು.

ಕೈ ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅವಳು ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಟೀಚರ್ ಮುಖ ನೋಡಿ ಹಿಂದಿಯಲ್ಲಿ ಹೇಳಿದಳು.

‘ಮುಝೆ ಠೀಕ್ ಸೇ ಪಢನಾ ನಹೀ ಆತಾ. ಧೀರೇ ಧೀರೇ ಪಢೂಂಗೀ. ಆಪ್ ಬೀಚ್ ಮೇ ಮತ್ ಬೋಲನಾ.’ ನನಗೆ ಸರಿಯಾಗಿ ಓದಲು ಬರುವುದಿಲ್ಲ, ನಿಧಾನ ಓದುತ್ತೇನೆ, ನೀವು ಮಧ್ಯೆ ಮಾತಾಡಬೇಡಿ.

ಕಾಂತಾಬೆನ್ ದನಿ. ಹಾಲಿನ ಪಾತ್ರೆಯೊಂದೇ ಇರಲಿಲ್ಲ.

ಟೀಚರ್ ‘ಸರಿ’ ಅಂದರು. ಅವರು ಮಧ್ಯೆ ಮಾತಾಡಲಿಲ್ಲ. ಇಂಚರ ಬೆರಳಿಟ್ಟು ಓದಿದಳು. ಒಂದು ಪದಕ್ಕೆ ನಿಂತಳು, ಹಿಂದೆ ಹೋದಳು, ಮತ್ತೆ ಬಂದಳು. ಎರಡು ಪದ ತಪ್ಪಾಯಿತು. ಮೂರನೆಯ ತಪ್ಪನ್ನು ತಾನೇ ತಿದ್ದಿಕೊಂಡಳು. ನಾಲ್ಕು ಸಾಲು ಮುಗಿಯುವ ಹೊತ್ತಿಗೆ ಹೊರಗೆ ಒಂದು ಪೀರಿಯಡ್ ಮುಗಿದು ಬೆಲ್ ಹೊಡೆಯಿತು. ‘ಬಸ್, ಇಷ್ಟೇ. ತಲೆ ನೋಯ್ತಾ ಇದೆ’ ಅಂದಳು. ನಿಜವಾದ ನೋವು ಅದು, ನನಗೆ ಗೊತ್ತು. ಈ ಸಲ ಹೊಟ್ಟೆಯದಾಗಿರಲಿಲ್ಲ.

ನನಗೆ ಎಷ್ಟು ಸಂತೋಷವಾಯಿತು ಎಂದು ಬರೆಯಲು ಹೋಗುವುದಿಲ್ಲ. ಆರು ಸಾಲಿನಲ್ಲಿ ನಾಲ್ಕು ಓದಿದ ಮಗುವಿನ ತಾಯಿ ಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಂಡಳು ಎಂದರೆ ಸಾಕು.

ಹೆಡ್ ಮೇಡಂ ಒಳಗೆ ಬಂದು ಟೀಚರ್ ಜೊತೆ ಮಾತಾಡಿದರು. ಜೂನ್‌ನಿಂದ ಬರಲಿ ಅಂದರು. ನಾಲ್ಕನೇ ಕ್ಲಾಸಿಗೆ. ಓರಗೆಯ ಮಕ್ಕಳು ಐದಕ್ಕೆ ಹೋಗುತ್ತಾರೆ. ದಿನಾ ಒಂದು ಪೀರಿಯಡ್ ಬೇರೆ ಕೂರಿಸಿ ಓದಿಸುತ್ತಾರಂತೆ. ಓದು ಸುಲಭವಾಗಲು ಇನ್ನೂ ಎಷ್ಟು ವರ್ಷ ಬೇಕೋ ಹೇಳಲಾರೆವು ಎಂದೂ ಹೇಳಿದರು. ಇಂಚರ ಕೇಳಿದ್ದು ಒಂದೇ ಪ್ರಶ್ನೆ. ‘ಟಿಫಿನ್ ಕ್ಲಾಸಲ್ಲೇ ತಿನ್ನೋದಾ, ಹೊರಗಾ?’

ಪ್ರವೇಶದ ಫಾರ್ಮ್ ಬಂತು. ಎರಡು ಪುಟ, ಪೂರ್ತಿ ಗುಜರಾತಿ. ಮೇಡಂ ಅದನ್ನು ಸಹಜವಾಗಿಯೇ ಗಿರೀಶರ ಕೈಗೆ ಕೊಟ್ಟರು. ಇಷ್ಟು ಹೊತ್ತು ಅಷ್ಟು ಚೆನ್ನಾಗಿ ಗುಜರಾತಿ ಮಾತಾಡಿದವರು ಅವರೇ ತಾನೇ?

ಗಿರೀಶ ಫಾರ್ಮನ್ನು ದೂರ ಹಿಡಿದರು. ಹತ್ತಿರ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಗಂಭೀರವಾಗಿ ತಲೆ ಆಡಿಸಿದರು.

‘ಮೇಡಂ, ಚಶ್ಮಾ ಗಾಡಿಯಲ್ಲೇ ಉಳೀತು ನೋಡ್ರಿ’ ಎಂದು ಗುಜರಾತಿಯಲ್ಲಿ ಹೇಳಿದರು.

ಇಂಚರ ಅವರ ಶರ್ಟಿನ ಜೇಬು ನೋಡಿದಳು. ಕನ್ನಡಕ ಅಲ್ಲೇ ಇತ್ತು. ಆಮೇಲೆ ನನ್ನನ್ನು ನೋಡಿದಳು. ನಾನು ಫಾರ್ಮ್ ಇಸಿದುಕೊಂಡೆ. ‘ನನಗೆ ಸ್ವಲ್ಪ ನಿಧಾನ ಆಗುತ್ತದೆ’ ಎಂದು ಮೇಡಂಗೆ ಹೇಳಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದೆ. ಗಿರೀಶ ಏನೋ ಹೇಳಲು ಬಾಯಿ ತೆರೆದರು.

‘ಪಪ್ಪಾ, ಬೀಚ್ ಮೇ ಮತ್ ಬೋಲನಾ’ ಅಂದಳು ಮಗಳು.

ಅದಿರಲಿ, ನೀವು ನಿಮ್ಮ ಕನ್ನಡಕ ಎಲ್ಲಿ ಬಿಟ್ಟು ಬಂದಿದ್ದೀರಿ?